ಬಿಳಿ ಹಾಳೆ ತಂದ ಹುಡುಗ

(ಕಾಸರಗೋಡಿನ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರ ರಕ್ಷಕ–ಶಿಕ್ಷಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಿದವರು ಬರೆದುಕೊಡಿ ಎಂದರು. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಹಿರಿಯರೇ, ಅಂಗನವಾಡಿಯಿಂದ ಬಂದಿರುವ ಟೀಚರುಗಳೇ, ಈ ಮಳೆಯಲ್ಲೂ ಕೆಲಸ ಬಿಟ್ಟು ಬಂದು ಕುಳಿತಿರುವ ತಾಯಂದಿರೇ, ತಂದೆಯಂದಿರೇ, ಅಜ್ಜ ಅಜ್ಜಿಯಂದಿರೇ,

ಕಳೆದ ಬೇಸಗೆ ರಜೆಯಲ್ಲಿ ನಮ್ಮ ನೆರೆಮನೆಯ ಸೊಸೆ ಒಂದು ಫೈಲು ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಅವಳ ಮಗನಿಗೆ ಐದು ವರ್ಷ. ಯಾರೋ ಬಂದು ಮಗುವಿನ ಹತ್ತೂ ಬೆರಳುಗಳ ಗುರುತು ತೆಗೆದುಕೊಂಡು ಹೋಗಿ, ಬಣ್ಣದ ಚಿತ್ರಗಳಿರುವ ಇಪ್ಪತ್ತು ಪುಟಗಳ ವರದಿ ಕಳುಹಿಸಿದ್ದರು. ಸಾವಿರಾರು ರೂಪಾಯಿ ಕೊಟ್ಟಿದ್ದಳು. ವರದಿಯ ಪ್ರಕಾರ ಆ ಮಗು ‘ಮಾಡಿ ಕಲಿಯುವ’ ಜಾತಿಯದು. ಕೇಳಿ ಕಲಿಯುವ ಶಕ್ತಿ ಅದಕ್ಕೆ ಕಡಿಮೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಟೀಚರ್, ಹಾಗಾದರೆ ಇವನಿಗೆ ಇನ್ನು ಕಥೆ ಹೇಳುವುದು ಬೇಡವಾ?”

ಆ ಪ್ರಶ್ನೆ ಕೇಳಿ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ನಾನು ಇಂದು ಇಲ್ಲಿಗೆ ಬಂದದ್ದೂ ಅದೇ ಕಾರಣಕ್ಕೆ. ಬೆರಳಿನ ಗೆರೆಗಳು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿ ನಿಲ್ಲುತ್ತವೆ. ಒಬ್ಬನನ್ನು ಇನ್ನೊಬ್ಬನಿಂದ ಗುರುತಿಸಲು ಅವು ಉಪಯೋಗಕ್ಕೆ ಬರುತ್ತವೆ, ಅಷ್ಟೇ. ಮಗು ಹೇಗೆ ಕಲಿಯುತ್ತದೆ, ದೊಡ್ಡವನಾಗಿ ಏನಾಗುತ್ತಾನೆ ಎಂಬುದನ್ನು ಅವುಗಳಿಂದ ಹೇಳಲು ಸಾಧ್ಯ ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ. ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡಿ. ಆ ದುಡ್ಡಿನಲ್ಲಿ ಮನೆಗೆ ಒಂದು ರಾಶಿ ಚಿತ್ರದ ಪುಸ್ತಕಗಳು ಬರುತ್ತವೆ.

ಆದರೆ ಆ ವರದಿಯ ಹಿಂದಿರುವ ನಂಬಿಕೆ ಬೆರಳಚ್ಚಿನವರದ್ದು ಮಾತ್ರವಲ್ಲ. ನಾವು ಅಧ್ಯಾಪಕರೂ ಬಹಳ ವರ್ಷ ಅದನ್ನು ನಂಬಿದ್ದೆವು. ನನಗೆ ಸಿಕ್ಕಿದ ತರಬೇತಿಗಳಲ್ಲಿಯೂ ಅದನ್ನೇ ಹೇಳಿಕೊಟ್ಟಿದ್ದರು: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮುಟ್ಟಿ, ಓಡಾಡಿ ಕಲಿಯುವವರು, ಯಾರು ಯಾವ ಬಗೆ ಎಂದು ಮೊದಲು ಕಂಡುಹಿಡಿಯಿರಿ, ಆಮೇಲೆ ಆ ಬಗೆಯಲ್ಲೇ ಕಲಿಸಿರಿ. ಕೇಳಲು ಎಷ್ಟು ನ್ಯಾಯವಾಗಿದೆ! ನಾನು ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡದ್ದೂ ಉಂಟು. ಈ ಮಾತಿನ ಜೊತೆಗೆ ಹೊವರ್ಡ್ ಗಾರ್ಡ್‌ನರ್ ಅವರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಅವರು 1983ರಲ್ಲಿ ಹೇಳಿದ್ದು ಬುದ್ಧಿಶಕ್ತಿ ಒಂದೇ ಅಲ್ಲ, ಹಲವು ಬಗೆಯದು ಎಂದು. ಅದು ಬೇರೆ, ಕಲಿಕೆಯ ಶೈಲಿ ಬೇರೆ ಎಂದು ಅವರೇ ಮುಂದೆ ಸ್ಪಷ್ಟಪಡಿಸಿದರು.

2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಇತರ ಮೂವರು ಅಮೆರಿಕದ ಮನೋವಿಜ್ಞಾನಿಗಳು ಈ ನಂಬಿಕೆಯ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ತಿರುವಿ ನೋಡಿದರು. ಅವರು ಕೇಳಿದ ಪ್ರಶ್ನೆ ನಮ್ಮ ತೋಟದವರಿಗೂ ಅರ್ಥವಾಗುವಂಥದ್ದು. ಈ ಗೊಬ್ಬರ ಅಡಿಕೆಗೆ, ಆ ಗೊಬ್ಬರ ತೆಂಗಿಗೆ ಎಂದು ಒಬ್ಬರು ಹೇಳಿದರೆ ನಾವು ಏನು ಮಾಡುತ್ತೇವೆ? ಎರಡನ್ನೂ ಎರಡಕ್ಕೂ ಹಾಕಿ ನೋಡುತ್ತೇವೆ. ಹಾಗೆಯೇ ‘ನೋಡಿ ಕಲಿಯುವ’ ಮಕ್ಕಳಲ್ಲಿ ಅರ್ಧ ಜನರಿಗೆ ತೋರಿಸಿ, ಅರ್ಧ ಜನರಿಗೆ ಹೇಳಿ ಕಲಿಸಬೇಕು. ‘ಕೇಳಿ ಕಲಿಯುವ’ವರಿಗೂ ಹಾಗೆಯೇ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ತಮ್ಮ ಬಗೆಗೆ ಹೊಂದುವ ಪಾಠ ಸಿಕ್ಕವರು ಹೆಚ್ಚು ಕಲಿತಿದ್ದರೆ ಮಾತು ನಿಜ. ಹೀಗೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬಹಳ ಕಡಿಮೆ ಇದ್ದವು. ಇದ್ದವುಗಳಲ್ಲಿ ಕೆಲವು ಆ ಮಾತಿಗೆ ವಿರುದ್ಧವಾಗಿಯೇ ಇದ್ದವು. ಮಕ್ಕಳನ್ನು ಹೀಗೆ ವಿಂಗಡಿಸಿ ಕಲಿಸಲು ಸಾಕಷ್ಟು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು.

ಯೋಚಿಸಿದರೆ ನಮಗೆ ಗೊತ್ತಿರುವುದೇ ಅಲ್ಲವೇ? ನಮ್ಮ ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಯಕ್ಷಗಾನ ಕಲಿಯುವ ಮಕ್ಕಳು ಇಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಹೆಜ್ಜೆ ಕಲಿಯುವ ಮಗು ತಾಳವನ್ನು ಬಾಯಲ್ಲಿ ಹೇಳುತ್ತದೆ, ಕೈಯಲ್ಲಿ ತಟ್ಟುತ್ತದೆ, ಗುರುಗಳ ಕಾಲನ್ನು ನೋಡುತ್ತದೆ, ತಾನೂ ಕುಣಿಯುತ್ತದೆ. “ನೀನು ಕೇಳಿ ಕಲಿಯುವವನು, ಬರೀ ಕೂತು ಕೇಳು” ಎಂದು ಯಾವ ಗುರುಗಳೂ ಹೇಳಿದ್ದನ್ನು ನಾನು ಕೇಳಿಲ್ಲ. ‘ಲ’ಕ್ಕೂ ‘ಳ’ಕ್ಕೂ ಇರುವ ವ್ಯತ್ಯಾಸ ಕಿವಿಯಿಂದಲೇ ಬರಬೇಕು. ಅವುಗಳನ್ನು ಬರೆಯುವಾಗಿನ ವ್ಯತ್ಯಾಸ ಕಣ್ಣು ಮತ್ತು ಕೈಯಿಂದ ಬರಬೇಕು. ಹಲಸಿನಲ್ಲಿ ಮೆತ್ತನೆ ತೊಳೆಯ ತುಳುವ ಯಾವುದು, ಗಟ್ಟಿ ತೊಳೆಯ ಬಕ್ಕೆ ಯಾವುದು ಎಂದು ತಿಳಿಯಲು ಹಣ್ಣಿಗೆ ಕೈ ಹಾಕಲೇಬೇಕು. ದಾರಿಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಕಲಿಯಬೇಕಾದ ವಿಷಯ. ಎಲ್ಲ ಮಕ್ಕಳಿಗೂ ಎಲ್ಲ ದಾರಿಗಳೂ ಬೇಕು.

“ಹಾಗಾದರೆ ಮಕ್ಕಳೆಲ್ಲ ಒಂದೇ ಎನ್ನುತ್ತೀರಾ?” ಎಂದು ನೀವು ಕೇಳಬಹುದು. ಖಂಡಿತ ಅಲ್ಲ. 31 ವರ್ಷ ಒಂದನೇ ತರಗತಿಗೆ ಪಾಠ ಮಾಡಿದವಳು ನಾನು. ಒಂದೇ ತರಹದ ಎರಡು ಮಕ್ಕಳನ್ನು ನೋಡಿಲ್ಲ. ಅವರಲ್ಲಿ ವ್ಯತ್ಯಾಸ ಎಲ್ಲಿದೆ ಎಂಬುದನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆವು ಎನ್ನುವುದಷ್ಟೇ ನನ್ನ ಮಾತು. ಆ ಜಾಗ ಯಾವುದೆಂದು ನನಗೆ ತೋರಿಸಿಕೊಟ್ಟದ್ದು ಒಬ್ಬ ಹುಡುಗ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಚಿತ್ರ ಬಿಡಿಸಲಿಕ್ಕೆಂದು “ನಾಳೆ ಎಲ್ಲರೂ ಒಂದೊಂದು ಬಿಳಿ ಹಾಳೆ ತನ್ನಿ” ಎಂದು ಹೇಳಿ ಕಳುಹಿಸಿದ್ದೆ. ಮರುದಿನ ಬೆಳಿಗ್ಗೆ ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ಬರಬರ ಎಂದು ಎಳೆಯುವ ಸದ್ದು. ನೋಡಿದರೆ ಆರು ವರ್ಷದ ಪೋರ, ಅಡಿಕೆ ಮರದಿಂದ ಬಿದ್ದ, ತನಗಿಂತ ಉದ್ದದ ಹಾಳೆಯೊಂದನ್ನು ಸೋಗೆಯ (ಗರಿಯ) ಸಮೇತ ಎಳೆದುಕೊಂಡು ಬಂದು ನಿಂತಿದ್ದಾನೆ. ಅಂಗಿಯೆಲ್ಲ ಒದ್ದೆ. ತರಗತಿ ಇಡೀ ನಕ್ಕಿತು. ನಾನೂ ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು ಹಾಳೆಯನ್ನು ಮಗುಚಿ ಹಾಕಿ ಒಳಮೈ ತೋರಿಸಿದ. ಆಗಷ್ಟೇ ಬಿದ್ದ ಹಾಳೆ, ಒಳಗೆ ಬೆಳ್ಳಗೆ ಹಾಲಿನಂತೆ ಇತ್ತು. ಅವನ ಮನೆಮಾತು ತುಳು. ಕನ್ನಡ ಅವನಿಗೆ ಶಾಲೆಯ ಭಾಷೆ. ತೋಟದಲ್ಲಿ ಬಿದ್ದ ಹಾಳೆಗಳನ್ನೆಲ್ಲ ಮಗುಚಿ ನೋಡಿ ಅತ್ಯಂತ ಬಿಳಿಯದನ್ನು ಆರಿಸಿ ತಂದಿದ್ದ.

ನೋಡಿ, ಆ ಮಗು ನನ್ನ ಮಾತನ್ನು ಉಳಿದವರಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿತ್ತು. ಮನೆಯ ‘ಪಾಳೆ’ ಕನ್ನಡದಲ್ಲಿ ‘ಹಾಳೆ’ ಎಂಬುದನ್ನು ತಿಳಿದಿತ್ತು. ಬಿಳಿ ಎಂದರೇನೆಂದು ತಿಳಿದಿತ್ತು. ಅದರ ತಿಳಿವಿನಲ್ಲಿ ಒಂದು ತಪ್ಪೂ ಇರಲಿಲ್ಲ. ಕಾಗದಕ್ಕೂ ಅದೇ ಹೆಸರು ಎಂಬುದೊಂದು ಗೊತ್ತಿರಲಿಲ್ಲ, ಅಷ್ಟೇ. ಅವತ್ತು ಅಡುಗೆ ಕೋಣೆಯಿಂದ ಇದ್ದಿಲು ತರಿಸಿದೆ. ಎಲ್ಲರೂ ಆ ಹಾಳೆಯ ಮೇಲೆಯೇ ಚಿತ್ರ ಬಿಡಿಸಿದರು. ಒಣಗಿದ ಮೇಲೆ ಅದು ಸುರುಟಿಹೋಯಿತು, ಆದರೆ ಬಹಳ ದಿನ ನಮ್ಮ ತರಗತಿಯ ಮೂಲೆಯಲ್ಲಿಯೇ ಇತ್ತು.

ಮಕ್ಕಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲಿದೆ: ಅವರು ಮನೆಯಿಂದ ಏನನ್ನು ತಿಳಿದುಕೊಂಡು ಬಂದಿದ್ದಾರೆ ಎನ್ನುವುದರಲ್ಲಿ. ಹೊಸದು ಯಾವಾಗಲೂ ಹಳೆಯದಕ್ಕೆ ಅಂಟಿಕೊಂಡೇ ಬರಬೇಕು. ಹಳೆಯದು ಏನೆಂದು ಟೀಚರಿಗೆ ತಿಳಿಯದಿದ್ದರೆ ಹೊಸದು ಅಂಟುವುದಿಲ್ಲ, ಮಗುವಿಗೆ ಮೊದ್ದು ಎಂಬ ಹೆಸರು ಮಾತ್ರ ಅಂಟುತ್ತದೆ.

ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಏಳು ಭಾಷೆಗಳು ಒಂದನೇ ತರಗತಿಯ ಬೆಂಚಿನ ಮೇಲೆ ಬಂದು ಕುಳಿತಾಗ ತಾಯಂದಿರಿಗೆ ಭಯವಾಗುತ್ತದೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಇನ್ನೇನೋ. ಮಗುವಿಗೆ ಗೊಂದಲವಾಗುವುದಿಲ್ಲವೇ ಎಂದು. ಕಲಸಿ ಮಾತಾಡುವುದು ಗೊಂದಲದ ಗುರುತಲ್ಲ. ಕೈಗೆ ಹತ್ತಿರ ಇರುವ ಪದವನ್ನು ಮಗು ಎತ್ತಿಕೊಳ್ಳುತ್ತದೆ. ಎರಡು ವರ್ಷದ ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವುದಾದರೆ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸಿ. ಒಂದೇ ಭಾಷೆಯದ್ದನ್ನು ಎಣಿಸಿ ಮಾತು ಹಿಂದುಳಿದಿದೆ ಎಂದು ಹೆದರಬೇಡಿ. ಹಾಗೆ ಕೂಡಿಸಿದ ಮೇಲೂ ತೀರಾ ಕಡಿಮೆ ಎನಿಸಿದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮಲಯಾಳ ಮನೆಮಾತಿನ ಒಬ್ಬಳು ಹುಡುಗಿ ನನ್ನ ತರಗತಿಯಲ್ಲಿದ್ದಳು. ಜೂನ್, ಜುಲೈ ಎರಡು ತಿಂಗಳು ಬಾಯೇ ಬಿಡಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ನನ್ನ ಬಳಿ ಬಂದು, “ಟೀಚರ್, ಹುಸ್ತಕ ತಂದಿಲ್ಲ” ಎಂದಳು. ಮರುದಿನ “ಹೆನ್ಸಿಲ್” ಬಂತು. ನಾಲಗೆ ತೊದಲುತ್ತದೆಯೋ ಎಂದು ಮೊದಲು ಅನ್ನಿಸಿತು. ಆಮೇಲೆ ಹೊಳೆಯಿತು. ಆ ಎರಡು ತಿಂಗಳು ಅವಳು ಸುಮ್ಮನೆ ಕುಳಿತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಮನೆಯಲ್ಲಿ ಪಾಲ್, ಇಲ್ಲಿ ಹಾಲು. ಮನೆಯಲ್ಲಿ ಪೂವ್, ಇಲ್ಲಿ ಹೂವು. ಪಲ್ಲ್ ಹಲ್ಲಾಯಿತು, ಪತ್ತ್ ಹತ್ತಾಯಿತು, ಪಾಂಬ್ ಹಾವಾಯಿತು. ಹಾಗಿದ್ದರೆ ಪುಸ್ತಕ ಹುಸ್ತಕವಾಗಲೇಬೇಕಲ್ಲ! ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಎಂದು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ನಿಯಮವದು. ಆರು ವರ್ಷದ ಮಗು ಯಾರೂ ಹೇಳಿಕೊಡದೆ ಅದನ್ನು ತಾನಾಗಿ ಕಂಡುಕೊಂಡಿತ್ತು. ಪುಸ್ತಕ ಸಂಸ್ಕೃತದಿಂದ ಬಂದದ್ದು, ಪೆನ್ಸಿಲ್ ಇಂಗ್ಲಿಷಿನಿಂದ ಬಂದದ್ದು, ಅವುಗಳಿಗೆ ಈ ನಿಯಮ ತಾಗುವುದಿಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಿರಬೇಕು? ಆ ತಪ್ಪನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರೆ ಎಂಥ ಬುದ್ಧಿಯನ್ನು ಅವಮಾನಿಸಿದ ಹಾಗಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅವತ್ತಿನಿಂದ ಮಗು ತಪ್ಪು ಹೇಳಿದಾಗ ತಿದ್ದುವ ಮೊದಲು “ಹೀಗೆ ಯಾಕೆ ಹೇಳಿದೆ?” ಎಂದು ಕೇಳುವುದನ್ನು ರೂಢಿಸಿಕೊಂಡೆ. ಮನೆಯಲ್ಲಿ ನೀವೂ ಇದೊಂದನ್ನು ಮಾಡಿ ನೋಡಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಏಳನೇ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗುವಂತೆ ಪ್ರತಿಯೊಂದು ರಾಜ್ಯವೂ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಅದು. ನಾವು ಇದನ್ನು ಹೋರಾಟದ ಮಾತಾಗಿ ಕೇಳಿ ಬೆಳೆದವರು. ಒಂದನೇ ತರಗತಿಯ ಟೀಚರಿಗೆ ಅದು ಕಲಿಕೆಯ ಮಾತೂ ಹೌದು. ಮಗು ಯಾವ ಭಾಷೆಯಲ್ಲಿ ಯಾಕೆ ಎಂದು ಕೇಳಬಲ್ಲದೋ ಆ ಭಾಷೆಯಲ್ಲಿ ಅದಕ್ಕೆ ಉತ್ತರ ಸಿಗಬೇಕು. ತರಗತಿಯಲ್ಲಿ ಕನ್ನಡ ಕಲಿಸುವಾಗ ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಪದಗಳಿಗೂ ಒಂದು ಕುರ್ಚಿ ಹಾಕಿಕೊಡಿ ಎಂದು ಇಲ್ಲಿರುವ ಕಿರಿಯ ಟೀಚರುಗಳಲ್ಲಿ ಕೇಳಿಕೊಳ್ಳುತ್ತೇನೆ. ಕನ್ನಡಕ್ಕೆ ಅದರಿಂದ ನಷ್ಟವಿಲ್ಲ.

ಈಗ ಲೆಕ್ಕದ ವಿಷಯ. ಅಮೆರಿಕದ ಜೆರೋಮ್ ಬ್ರೂನರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಹೇಳಿದ ಮಾತೊಂದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ತಿಳಿವಳಿಕೆ ಮೊದಲು ಕೈಯಲ್ಲಿ, ಆಮೇಲೆ ಚಿತ್ರದಲ್ಲಿ, ಕೊನೆಗೆ ಸಂಕೇತದಲ್ಲಿ ನೆಲೆಯಾಗುತ್ತದೆ. ಇವು ಮೂರು ಜಾತಿಯ ಮಕ್ಕಳಲ್ಲ, ಒಂದೇ ಮಗು ಹತ್ತುವ ಮೂರು ಮೆಟ್ಟಿಲು. ಐದು ಎಂಬ ಅಂಕೆ ಬರೆಯಲು ಬರುತ್ತದೆ ಎಂದ ಮಾತ್ರಕ್ಕೆ ಐದು ಗೊತ್ತು ಎಂದು ಆಗಲಿಲ್ಲ.

ಮೊದಲ ಮೆಟ್ಟಿಲು ನಮ್ಮ ಅಟ್ಟದ ಮೇಲೆಯೇ ಧೂಳು ಹಿಡಿದು ಕುಳಿತಿದೆ. ಆಟಿ ತಿಂಗಳು ಬಂದರೆ ಹಿಂದಿನವರು ಚೆನ್ನೆಮಣೆ ಇಳಿಸುತ್ತಿದ್ದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಅಂದರೆ ಕೆಂಪು ಬೀಜ. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಐದು ವರ್ಷದ ಮಗುವನ್ನು ಎದುರು ಕೂರಿಸಿಕೊಂಡು ಅದರ ಬೆರಳನ್ನೇ ನೋಡುತ್ತಾ ಇರಿ. ಮೊದಲ ದಿನ ಒಂದು ಗುಳಿಗೆ ಎರಡು ಕಾಯಿ ಬೀಳುತ್ತದೆ, ಒಂದು ಗುಳಿ ಬಿಟ್ಟುಹೋಗುತ್ತದೆ. ಬಾಯಿ “ಒಂದು, ಎರಡು” ಎನ್ನುವ ವೇಗಕ್ಕೂ ಕೈಗೂ ಹೊಂದಿಕೆಯಾಗುವುದಿಲ್ಲ. ನಾಲ್ಕೈದು ದಿನದಲ್ಲಿ ಒಂದು ಗುಳಿಗೆ ಒಂದೇ ಕಾಯಿ, ಒಂದು ಕಾಯಿಗೆ ಒಂದೇ ಎಣಿಕೆ ಎಂದು ಕೈ ಕಲಿಯುತ್ತದೆ. ಎಣಿಕೆಯ ಬುನಾದಿ ಅದು. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ ಮಗು ಕಾಯಿ ಎತ್ತುವ ಮೊದಲು ಒಂದು ಗಳಿಗೆ ನಿಲ್ಲುತ್ತದೆ. ಕಣ್ಣು ಗುಳಿಯಿಂದ ಗುಳಿಗೆ ಓಡುತ್ತದೆ, ತುಟಿ ಅಲುಗುತ್ತದೆ, ಕೈ ಮಾತ್ರ ಅಲುಗುವುದಿಲ್ಲ. ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಮನಸ್ಸಿನಲ್ಲೇ ಹಾಕಿ ನೋಡುತ್ತಿದೆ. ಆ ಗಳಿಗೆಯಲ್ಲಿ ದಯವಿಟ್ಟು “ಬೇಗ ಆಡು” ಎನ್ನಬೇಡಿ. ಕೈಯಲ್ಲಿದ್ದ ಲೆಕ್ಕ ತಲೆಗೆ ಏರುತ್ತಿರುವುದು ಆಗಲೇ. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜ ಸಾಕು. ಗುಲಗಂಜಿ ಮಾತ್ರ ಬೇಡ, ಅದು ವಿಷ. ಯಾವ ಬೀಜವಾದರೂ ಮಗು ಮೂಗಿಗೋ ಬಾಯಿಗೋ ಹಾಕಿಕೊಳ್ಳದಂತೆ ಎದುರಿನಲ್ಲಿ ದೊಡ್ಡವರು ಇರಬೇಕು.

ಎಷ್ಟು ಸಹಾಯ ಮಾಡಬೇಕು ಎಂದು ಕೇಳುವವರಿದ್ದಾರೆ. ಕೆರೆಯಲ್ಲಿ ಈಜು ಕಲಿತವರು ಇಲ್ಲಿ ಎಷ್ಟು ಮಂದಿ? ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿ ನಮ್ಮನ್ನು ನೀರಿಗೆ ಬಿಟ್ಟವರು ಯಾವಾಗ ಅದನ್ನು ಬಿಚ್ಚಬೇಕೆಂದೂ ತಿಳಿದಿದ್ದರು. ರಷ್ಯದ ಲೆವ್ ವೈಗಾಟ್‌ಸ್ಕಿ ಹೇಳಿದ್ದೂ ಇದನ್ನೇ: ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಜೊತೆಯಲ್ಲಿ ಒಬ್ಬರಿದ್ದರೆ ಮಾಡಬಲ್ಲದ್ದಕ್ಕೂ ನಡುವೆ ಇರುವ ಜಾಗದಲ್ಲಿ ಕಲಿಕೆ ನಡೆಯುತ್ತದೆ. ಆ ಜಾಗ ಒಂದೊಂದು ಮಗುವಿಗೆ ಒಂದೊಂದು ಕಡೆ ಇರುತ್ತದೆ. ಒಬ್ಬನಿಗೆ ಒಂದು ವಾರ ಕಾಯಿ ಬೇಕು, ಇನ್ನೊಬ್ಬನಿಗೆ ಒಂದು ತಿಂಗಳು. ಒಂದು ತಿಂಗಳು ತೆಗೆದುಕೊಂಡವನು ಕೆಟ್ಟ ಈಜುಗಾರ ಆಗಬೇಕೆಂದಿಲ್ಲ.

ಒಂದು ನೋವಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಒಬ್ಬ ಹುಡುಗ ಕರೆದರೆ ತಿರುಗುತ್ತಿರಲಿಲ್ಲ, ಹೇಳಿದ್ದನ್ನು ಅರ್ಧ ಮಾಡುತ್ತಿದ್ದ. ಇವನು ‘ನೋಡಿ ಕಲಿಯುವ’ ಬಗೆಯವನು ಎಂದು ಗುರುತು ಹಾಕಿ ಹಿಂದಿನ ಬೆಂಚಿನಲ್ಲಿ ಕೂರಿಸಿ ಚಿತ್ರದ ಕಾರ್ಡುಗಳನ್ನು ಕೊಟ್ಟೆ. ಐದು ತಿಂಗಳ ನಂತರ ಅವನ ತಾಯಿ ಕಿವಿ ಸೋರುತ್ತದೆ ಎಂದು ಡಾಕ್ಟರಲ್ಲಿಗೆ ಕರೆದುಕೊಂಡು ಹೋದಾಗ ತಿಳಿಯಿತು, ಎರಡೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಳೆಗಾಲದ ನೆಗಡಿಯಿಂದ ಕಿವಿಯ ಒಳಗೆ ನೀರು ತುಂಬಿ, ಸೋಂಕಾಗಿ ಕೇಳಿಸದೆ ಹೋಗುವುದು ಈ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ. ಬಹಳಷ್ಟು ಸಲ ವಾಸಿಯೂ ಆಗುತ್ತದೆ. ನನ್ನ ಗುರುತು ಅವನ ಐದು ತಿಂಗಳನ್ನು ತಿಂದುಹಾಕಿತು. ಹಾಗಾಗಿ ಮಗು ಗಮನ ಕೊಡುವುದಿಲ್ಲ ಎನ್ನುವ ಮೊದಲು ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ.

ಅಂಗನವಾಡಿಯ ಟೀಚರುಗಳಿಗೆ ಒಂದು ಮಾತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೈಕಾಲು ನೀವು. ಪಕ್ಕದ ಎಲ್‌ಕೆಜಿಯಲ್ಲಿ ಮಕ್ಕಳು ನಾಲ್ಕು ಗೆರೆ ಪುಸ್ತಕದಲ್ಲಿ ಬರೆಯುತ್ತಾರೆ, ನಿಮ್ಮಲ್ಲಿ ಬರೀ ಆಟ ಎಂದು ಹೆತ್ತವರು ದೂರಿದರೆ ತಲೆ ತಗ್ಗಿಸಬೇಡಿ. ಮೂರು ವರ್ಷದ ಕೈಗೆ ಪೆನ್ಸಿಲ್ ಹಿಡಿಯುವ ಕಸುವು ಇನ್ನೂ ಬಂದಿರುವುದಿಲ್ಲ. ಅದು ಅಲಸಂಡೆ ಸುಲಿದು, ಹಿಟ್ಟು ನಾದಿ, ಹೂ ಕಟ್ಟಿ, ಮಣ್ಣು ಮೆತ್ತಿ ಬರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಕರೆದು ಆಟಕ್ಕೆ ಮೊದಲ ಸ್ಥಾನ ಕೊಟ್ಟಿದೆ. ಗಡಿಯಾಚೆ ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಕಲಿಕೆಯ ಕ್ರಮ, ಆಂಧ್ರದ ರಿಷಿವ್ಯಾಲಿ ಶಾಲೆಯ ಅನುಭವದಿಂದ ಬೆಳೆದದ್ದು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಏರಬೇಕೆಂಬುದು ಅದರ ಜೀವಾಳ. ನಮ್ಮ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿದ್ದೂ ಮಕ್ಕಳನ್ನು ನಂಬಿದ್ದರಿಂದಲೇ.

ಕೊನೆಗೆ, ಸಂಜೆ ಮನೆಯಲ್ಲಿ ಏನು ಮಾಡುವುದು? “ಇವತ್ತು ಏನು ಕಲಿತೆ?” ಎಂದರೆ “ಏನಿಲ್ಲ” ಎಂಬ ಉತ್ತರ ಎಲ್ಲರ ಮನೆಯಲ್ಲೂ ಬರುತ್ತದೆ. ಬದಲಿಗೆ “ನನಗೆ ಗೊತ್ತಿಲ್ಲ, ನನಗೆ ಹೇಳಿಕೊಡು” ಎನ್ನಿ. ಕಲಿತದ್ದು ಬಹಳ ಬೇಗ ಮರೆತುಹೋಗುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಒಂದೇ ದಿನ ಹತ್ತು ಸಲ ಓದಿಸುವುದಕ್ಕಿಂತ ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿನಿಂದ ಹೇಳಿಸುವುದು ಹೆಚ್ಚು ನಿಲ್ಲುತ್ತದೆ. ಇದು ನೋಡುವವರು, ಕೇಳುವವರು ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು ನಿಂತು ತುಳುವಿನಲ್ಲಿ ಕೇಳಿದರು. ತನಗೆ ಓದು ಬರಹ ಬಾರದು, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳು ಸಂಜೆಯಿಡೀ ತನ್ನ ಜೊತೆ ಇರುತ್ತಾಳೆ, ತಾನು ಏನು ಕಲಿಸಲಿ ಎಂದು. ನಾನು ಅವರಿಗೆ ತುಳುವಿನಲ್ಲಿಯೇ ಉತ್ತರಿಸಿದೆ. ನಿಮಗೆ ಗೊತ್ತಿರುವ ಕಥೆ ಹೇಳಿ. ಹುಲಿಯೋ ಹಸುವೋ ಬಾವಿಯ ಹತ್ತಿರ ಬಂದಾಗ ನಿಲ್ಲಿಸಿ, ಮುಂದೆ ಏನಾಗುತ್ತದೆ ಎಂದು ಅವಳನ್ನು ಕೇಳಿ. ನಾಳೆ ಅದೇ ಕಥೆಯನ್ನು ಅವಳಿಂದ ಹೇಳಿಸಿ, ಅವಳು ಬೇರೆ ರೀತಿ ಹೇಳಿದರೂ ಬಿಡಿ. ಅಜ್ಜಿ ಒಂದು ಕ್ಷಣ ಯೋಚಿಸಿ, ಅವಳು ಈಗಲೇ ಹುಲಿಯನ್ನು ಸಾಯಲು ಬಿಡುವುದಿಲ್ಲ, ಕಥೆಯನ್ನೇ ಬದಲಿಸುತ್ತಾಳೆ ಎಂದರು. ನನ್ನ ನೆರೆಮನೆಯ ಸೊಸೆ ಅದೇ ಸಾಲಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದಳು. ಅವನು ಅಜ್ಜಿಯ ಕಡೆ ತಿರುಗಿ, ಹುಲಿಗೆ ಆಮೇಲೆ ಏನಾಯಿತು ಎಂದು ಕೇಳಿದ.